ಅರಬ್ಬಿ ನಾಡಿನಲ್ಲಿ ಕರಟಕ-ದಮನಕರು



'ತೌಲನಿಕ ಸಾಹಿತ್ಯ' ಎಂಬ ಮಾತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತುಲೆ ಎಂದರೆ ತಕ್ಕಡಿ. ತಕ್ಕಡಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಂಗಡಿಯ ಚಿತ್ರ. ಯಾವ ತಟ್ಟೆ ಕೆಳಗಿಳಿಯಿತು, ಯಾವುದು ಮೇಲೇರಿತು ಎಂಬ ಕುತೂಹಲ. ಎರಡು ಭಾಷೆಗಳ ಸಾಹಿತ್ಯವನ್ನು ಒಟ್ಟಿಗೆ ಓದುವಾಗಲೂ ಇದೇ ಕುತೂಹಲ ನಮ್ಮನ್ನು ಹಿಡಿಯುತ್ತದೆ. ಯಾರು ಕೊಟ್ಟವರು, ಯಾರು ಕೊಂಡವರು, ಯಾರು ಯಾರಿಗೆ ಋಣಿ ಎಂಬ ಲೆಕ್ಕ ಬರೆಯುವುದರಲ್ಲಿ ಓದಿನ ಸಂತೋಷವೇ ಕಳೆದುಹೋಗುತ್ತದೆ. ಈ ವಿಷಯವಾಗಿ ನನ್ನ ಓದಿನ ಅನುಭವದಿಂದ ನಾಲ್ಕು ಮಾತುಗಳನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ.

ನಾನು ಕಾಲೇಜಿನಲ್ಲಿ ಕನ್ನಡ ಬೋಧಿಸಿ ನಿವೃತ್ತನಾದವನು. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯೊಂದರಲ್ಲಿ ನಮ್ಮ ಪಂಚತಂತ್ರದ ಕಥೆಗಳು ಅರಬ್ಬಿ ಭಾಷೆಗೆ ಹೋಗಿ, ಅಲ್ಲಿಂದ ಯುರೋಪಿನ ಮೂಲೆಮೂಲೆಗೆ ಹಬ್ಬಿದ ವೃತ್ತಾಂತವನ್ನು ಹೇಳಿದ್ದೆ. ಭಾಷಣ ಮುಗಿದ ಮೇಲೆ ತರುಣರೊಬ್ಬರು ಎದ್ದು ನಿಂತು, "ಗುರುಗಳೇ, ಎಲ್ಲವೂ ನಮ್ಮಿಂದಲೇ ಹೋದದ್ದೆಂದ ಮೇಲೆ ಅವರದೆಂದು ಹೇಳಿಕೊಳ್ಳಲು ಏನು ಉಳಿಯಿತು?" ಎಂದು ಕೇಳಿದರು. ಸಭೆಯಲ್ಲಿ ಚಪ್ಪಾಳೆಯಾಯಿತು. ಸಮಯ ಮೀರಿದ್ದರಿಂದ ಅಂದು ಉತ್ತರವನ್ನು ಸಂಕ್ಷೇಪವಾಗಿ ಹೇಳಬೇಕಾಯಿತು. ಆ ಪ್ರಶ್ನೆಯ ಹಿಂದೆ ದುರುದ್ದೇಶವಿರಲಿಲ್ಲ. ನಾಡಿನ ಮೇಲಣ ಅಭಿಮಾನವಿತ್ತು. ಆದುದರಿಂದಲೇ ಅದಕ್ಕೆ ಪೂರ್ಣವಾದ ಉತ್ತರ ಸಲ್ಲಬೇಕು.

ಮೊದಲು ಕಥೆ ಪಯಣಿಸಿದ ದಾರಿಯನ್ನು ನೋಡೋಣ. ಪಂಚತಂತ್ರದ ಮೂಲ ಸಂಸ್ಕೃತ ರೂಪ ಉಳಿದು ಬಂದಿಲ್ಲ. ನಮಗೆ ದೊರೆತಿರುವುದೆಲ್ಲ ಅದರ ಶಾಖೋಪಶಾಖೆಗಳು. 6ನೆಯ ಶತಮಾನದಲ್ಲಿ ಪಾರಸಿಕ ದೇಶವನ್ನಾಳಿದ ಸಾಸಾನಿ ದೊರೆ ಖುಸ್ರೋ ಅನೂಶಿರ್ವಾನನ (531–579) ಆಸ್ಥಾನದಲ್ಲಿ ಬುರ್ಜೋಯ್ ಎಂಬ ವೈದ್ಯನಿದ್ದನು. ಅವನು ಭಾರತದಿಂದ ಈ ಕಥೆಗಳನ್ನು ಪಡೆದು, ಮಹಾಭಾರತದ ಕೆಲವು ಕಥೆಗಳನ್ನೂ ಸೇರಿಸಿ, ಪಹ್ಲವಿ ಭಾಷೆಗೆ ತಂದನೆಂದು ಪ್ರತೀತಿ. ಆ ಪಹ್ಲವಿ ಗ್ರಂಥ ನಷ್ಟವಾಗಿದೆ. ಅದು ನಷ್ಟವಾಗುವುದಕ್ಕೆ ಮುನ್ನ ಅದರಿಂದ ಎರಡು ಅನುವಾದಗಳು ಹುಟ್ಟಿದ್ದವು. ಸುಮಾರು 570ರಲ್ಲಿ ಸಿರಿಯಾಕ್ ಭಾಷೆಯಲ್ಲಿ ಒಂದು. 8ನೆಯ ಶತಮಾನದ ಮಧ್ಯಭಾಗದಲ್ಲಿ ಅರಬ್ಬಿಯಲ್ಲಿ ಇನ್ನೊಂದು. ಅರಬ್ಬಿಗೆ ತಂದವನು ಇಬ್ನ್ ಅಲ್-ಮುಕಫ್ಫಾ. ಗ್ರಂಥದ ಹೆಸರು 'ಕಲೀಲ ವ ದಿಮ್ನ'. 'ವ' ಎಂದರೆ 'ಮತ್ತು'. ಕಲೀಲ ಮತ್ತು ದಿಮ್ನ ಯಾರೆಂಬುದನ್ನು ವಾಚಕರು ಊಹಿಸಿರಬಹುದು. ಅವರೇ ನಮ್ಮ ಕರಟಕ-ದಮನಕರು.

ಹೆಸರುಗಳು ಹೇಗೆ ಮಾರ್ಪಟ್ಟವು ಎಂಬುದೇ ಒಂದು ಸ್ವಾರಸ್ಯ. ಸಿರಿಯಾಕ್ ಪ್ರತಿಯಲ್ಲಿ ಅವು 'ಕಲೀಲಗ್' ಮತ್ತು 'ದಮ್ನಗ್' ಎಂದಿವೆ. ಸಂಸ್ಕೃತದ ಕೊನೆಯ 'ಕ'ಕಾರ ಪಹ್ಲವಿಯ ಬಾಯಲ್ಲಿ 'ಗ್' ಆಗಿ, ಅರಬ್ಬಿಗೆ ಬಂದಾಗ ಉದುರಿಹೋಗಿದೆ. ಪಿಂಗಲಕನೆಂಬ ಸಿಂಹ ಹೆಸರನ್ನೇ ಕಳೆದುಕೊಂಡು ಬರಿಯ 'ಸಿಂಹ'ವಾಗಿದೆ. ಸಂಜೀವಕನೆಂಬ ಎತ್ತು 'ಶಂಜಬ'ನಾಗಿದೆ. ಕಥೆ ಹೇಳುವ ವಿಷ್ಣುಶರ್ಮನ ಸ್ಥಾನದಲ್ಲಿ 'ಬೈದಬಾ' ಎಂಬ ಋಷಿ ಕುಳಿತಿದ್ದಾನೆ. ಇವನೇ ಯುರೋಪಿಗೆ ಹೋಗಿ 'ಪಿಲ್ಪಾಯ್' ಆದವನು. ಫ್ರೆಂಚ್ ಕವಿ ಲಾ ಫೊಂತೇನನು 1678ರಲ್ಲಿ ತನ್ನ ನೀತಿಕಥೆಗಳ ಎರಡನೆಯ ಸಂಗ್ರಹವನ್ನು ಪ್ರಕಟಿಸಿದಾಗ, ಅವುಗಳಲ್ಲಿ ಹೆಚ್ಚಿನವಕ್ಕೆ ತಾನು ಭಾರತದ ಜ್ಞಾನಿ ಪಿಲ್ಪಾಯನಿಗೆ ಋಣಿಯೆಂದು ಹೇಳಿಕೊಂಡಿದ್ದಾನೆ.

ಇಲ್ಲಿಯವರೆಗಿನದು ಋಣದ ಲೆಕ್ಕ. ಇದನ್ನು ಮೊದಲು ವಿಸ್ತಾರವಾಗಿ ಬರೆದವರು ಜರ್ಮನಿಯ ವಿದ್ವಾಂಸ ತಿಯೋಡೋರ್ ಬೆನ್ಫೈ. 1859ರಲ್ಲಿ ಅವರು ಪಂಚತಂತ್ರವನ್ನು ಜರ್ಮನ್ ಭಾಷೆಗೆ ಅನುವಾದಿಸಿ, ಅದಕ್ಕೆ ಒಂದು ಸಂಪುಟದಷ್ಟು ದೊಡ್ಡ ಪೀಠಿಕೆ ಬರೆದು, ಕಥೆಗಳು ಭಾರತದಿಂದ ಪಶ್ಚಿಮಕ್ಕೆ ನಡೆದ ಹೆಜ್ಜೆಗಳನ್ನು ಗುರುತಿಸಿದರು. ಕಥೆಗಳ ತೌಲನಿಕ ಅಧ್ಯಯನಕ್ಕೆ ಹಾಕಿದ ಅಡಿಗಲ್ಲುಗಳಲ್ಲಿ ಅದೂ ಒಂದು. ಆದರೆ ಈ ಮಾರ್ಗದಲ್ಲಿ ನಡೆದ ಅನೇಕರ ಬರಹಗಳಲ್ಲಿ ಅರಬ್ಬಿ ಸಾಹಿತ್ಯಕ್ಕೆ ದೊರೆತ ಸ್ಥಾನ ಸೇತುವೆಯದು ಮಾತ್ರ. ಸೇತುವೆಯ ಮೇಲೆ ಜನ ನಡೆದು ಹೋಗುತ್ತಾರೆ. ಅಲ್ಲಿ ಯಾರೂ ಮನೆ ಕಟ್ಟಿ ವಾಸಿಸುವುದಿಲ್ಲ. ಕಥೆ ಅರಬ್ಬಿಯಲ್ಲಿ ವಾಸಿಸಿತೇ, ಬರಿದೇ ಹಾದುಹೋಯಿತೇ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ನನಗೆ ಇದರ ಉತ್ತರ ತಿಳಿದದ್ದು ನನ್ನ ಸಹೋದ್ಯೋಗಿಯೊಬ್ಬರಿಂದ. ಅವರು ನಮ್ಮ ಕಾಲೇಜಿನಲ್ಲಿ ಉರ್ದು ಮತ್ತು ಅರಬ್ಬಿ ಬೋಧಿಸುತ್ತಿದ್ದರು. ನಾವೆಲ್ಲರೂ ಅವರನ್ನು ಮೌಲವಿ ಸಾಹೇಬರೆಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಮಾಸ್ತರರೆಂದು ಕರೆಯುತ್ತಿದ್ದರು. ಒಂದು ವರ್ಷ ವಾರಕ್ಕೆರಡು ಸಂಜೆ ನಾವಿಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕುಳಿತೆವು. ನನ್ನ ಮುಂದೆ ದುರ್ಗಸಿಂಹನ ಕನ್ನಡ ಪಂಚತಂತ್ರ. ಅವರ ಮುಂದೆ ಹಳದಿಗಟ್ಟಿದ ಹಾಳೆಗಳ 'ಕಲೀಲ ವ ದಿಮ್ನ'. ಅವರು ಒಂದು ಪುಟವನ್ನೋದಿ ಅರ್ಥ ಹೇಳುವರು. ನಾನು ಅದೇ ಸಂದರ್ಭವನ್ನು ಕನ್ನಡದಲ್ಲಿ ಓದಿ ಹೇಳುವೆನು. ಆ ವರ್ಷ ನಮ್ಮ ಊರಿನಲ್ಲಿ ಜನರ ಮನಸ್ಸುಗಳು ಕೆಲಕಾಲ ಕದಡಿದ್ದವು. ಅವರ ಪುಸ್ತಕದಿಂದ ನಿಮಗೇನಾಗಬೇಕು ಎಂದು ನನ್ನನ್ನು ಕೇಳಿದವರುಂಟು. ಅವರನ್ನೂ ಹಾಗೆಯೇ ಕೇಳಿದವರಿದ್ದರು. ನಾವು ಓದನ್ನು ನಿಲ್ಲಿಸಲಿಲ್ಲ.

ಸಿಂಹವು ದಮನಕನ ಚಾಡಿಮಾತಿಗೆ ಕಿವಿಗೊಟ್ಟು ಸಂಜೀವಕನನ್ನು ಕೊಂದ ಭಾಗ ಮುಗಿಯಿತು. ಪಂಚತಂತ್ರದಲ್ಲಿ ಭೇದದ ಕಥೆ ಅಲ್ಲಿಗೆ ಮುಗಿದಂತೆಯೇ. ಶೋಕಿಸುವ ಸಿಂಹವನ್ನು ದಮನಕನೇ ಸಂತೈಸುತ್ತಾನೆ. ಅವನ ಅಧಿಕಾರ ನೆಲೆಗೊಳ್ಳುತ್ತದೆ. ನಾನು ಪುಸ್ತಕವನ್ನು ಮುಚ್ಚಿದೆ. ಮೌಲವಿ ಸಾಹೇಬರು ಮುಚ್ಚಲಿಲ್ಲ. "ಮಾಸ್ತರರೇ, ನಮ್ಮಲ್ಲಿ ಇನ್ನೂ ಒಂದು ಅಧ್ಯಾಯವಿದೆ," ಎಂದರು.

ಆ ಅಧ್ಯಾಯ ದಿಮ್ನನ ವಿಚಾರಣೆಯದು. ಕರಟಕ-ದಮನಕರು ರಾತ್ರಿ ಆಡಿಕೊಂಡ ಮಾತನ್ನು ಚಿರತೆಯೊಂದು ಕೇಳಿಸಿಕೊಂಡಿರುತ್ತದೆ. ಅದು ಸಿಂಹದ ತಾಯಿಗೆ ತಿಳಿಸುತ್ತದೆ. ತಾಯಿ ಮಗನ ಮನಸ್ಸಿನಲ್ಲಿ ಸಂಶಯವನ್ನು ಬಿತ್ತುತ್ತಾಳೆ. ದಿಮ್ನನನ್ನು ಸಭೆಗೆ ತರುತ್ತಾರೆ. ಅವನು ಮಹಾ ವಾಗ್ಮಿ. ತನ್ನ ಮೇಲಿನ ಒಂದೊಂದು ಆರೋಪವನ್ನೂ ಮಾತಿನಿಂದಲೇ ಕತ್ತರಿಸಿ ಹಾಕುತ್ತಾನೆ. ಅವನು ತಪ್ಪಿತಸ್ಥನೆಂದು ಓದುವ ನಮಗೂ ಗೊತ್ತು, ಸಭೆಗೂ ಗೊತ್ತು. ಆದರೂ ಸಾಕ್ಷಿಯಿಲ್ಲದೆ ಶಿಕ್ಷೆಯಿಲ್ಲ. ಕಲೀಲನು ಕೊರಗಿನಿಂದ ಪ್ರಾಣ ಬಿಡುತ್ತಾನೆ. ಕೊನೆಗೆ ಎರಡು ಸಾಕ್ಷ್ಯಗಳು ಕೂಡಿಬಂದ ಮೇಲೆಯೇ ದಿಮ್ನನಿಗೆ ಮರಣ ವಿಧಿಯಾಗುತ್ತದೆ.

ಈ ಅಧ್ಯಾಯ ಸಂಸ್ಕೃತದ ಯಾವ ಶಾಖೆಯಲ್ಲಿಯೂ ಇಲ್ಲ, ದುರ್ಗಸಿಂಹನಲ್ಲಿಯೂ ಇಲ್ಲ. ಒಂದು ವೇಳೆ ಪಹ್ಲವಿಯಲ್ಲಿ ಇದ್ದಿರಬಹುದೇ ಎಂಬ ಸಂದೇಹಕ್ಕೆ ಪರಿಹಾರ ಸಿರಿಯಾಕಿನಲ್ಲಿ ದೊರೆಯಿತು. ಮಾರ್ದಿನ್ ಎಂಬ ಊರಿನಲ್ಲಿ ಹಳೆಯ ಸಿರಿಯಾಕ್ ಪ್ರತಿಯೊಂದು ಬೆಳಕಿಗೆ ಬಂದು, 1876ರಲ್ಲಿ ಬೆನ್ಫೈಯವರ ಪೀಠಿಕೆಯೊಡನೆ ಅಚ್ಚಾಯಿತು. ಪಹ್ಲವಿಯಿಂದ ನೇರವಾಗಿ ಬಂದ ಆ ಪ್ರತಿಯಲ್ಲಿ ವಿಚಾರಣೆಯ ಅಧ್ಯಾಯವಿಲ್ಲ. ಆದುದರಿಂದ ಇದು ಅರಬ್ಬಿಯಲ್ಲಿಯೇ ಹುಟ್ಟಿತು, ಇಬ್ನ್ ಅಲ್-ಮುಕಫ್ಫಾನೇ ಇದನ್ನು ರಚಿಸಿದನು ಎಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಮೂರು ಭಾಷೆಗಳನ್ನು ಪಕ್ಕಪಕ್ಕದಲ್ಲಿರಿಸಿ ಓದಿದುದರಿಂದ ಮಾತ್ರ ಈ ಸತ್ಯ ತಿಳಿಯಿತೆಂಬುದನ್ನು ವಾಚಕರು ಗಮನಿಸಬೇಕು. ತೌಲನಿಕ ಅಧ್ಯಯನದ ನಿಜವಾದ ಪ್ರಯೋಜನ ಇಂಥದು.

ಏಕೆ ರಚಿಸಿದನು? ಇಬ್ನ್ ಅಲ್-ಮುಕಫ್ಫಾ ಪಾರಸಿಕ ಮೂಲದವನು; ರೋಜ್‌ಬಿಹ್ ಎಂಬುದು ಅವನ ಮೊದಲಿನ ಹೆಸರು. ಬಸ್ರಾ ಪಟ್ಟಣದಲ್ಲಿ ಅಧಿಕಾರಿಗಳ ಬಳಿ ಲೇಖಕನಾಗಿ ಸೇವೆ ಸಲ್ಲಿಸುತ್ತಿದ್ದವನು. ಉಮಯ್ಯಾ ವಂಶ ಅಳಿದು ಅಬ್ಬಾಸಿ ವಂಶ ಪಟ್ಟಕ್ಕೆ ಬಂದ ಕಾಲವದು. ಯಾರ ಪಿಸುಮಾತು ಯಾರ ತಲೆಗೆ ಮುಳುವಾಗುವುದೋ ತಿಳಿಯದ ಆಸ್ಥಾನಗಳು. ಖಲೀಫ ಅಲ್-ಮನ್ಸೂರನ (754–775) ಚಿಕ್ಕಪ್ಪನೊಬ್ಬನು ದಂಗೆಯೆದ್ದು ಸೋತಾಗ, ಅವನಿಗೆ ಕೊಡಬೇಕಾದ ಅಭಯಪತ್ರದ ಕರಡನ್ನು ಇಬ್ನ್ ಅಲ್-ಮುಕಫ್ಫಾ ಬರೆದನೆಂದೂ, ಖಲೀಫನು ಮಾತಿಗೆ ತಪ್ಪಲಾರದಂತೆ ಅದರ ನಿಬಂಧನೆಗಳನ್ನು ಬಿಗಿದನೆಂದೂ, ಅದೇ ಅವನ ಮೇಲಿನ ಕೋಪಕ್ಕೆ ಕಾರಣವಾಯಿತೆಂದೂ ಹೇಳಿಕೆಯಿದೆ. ಸುಮಾರು 757ರಲ್ಲಿ ಬಸ್ರಾದ ಅಧಿಪತಿ ಅವನನ್ನು ಕೊಲ್ಲಿಸಿದನು. ಆಗ ಅವನಿನ್ನೂ ನಲವತ್ತು ದಾಟಿರಲಿಲ್ಲವೆನ್ನುತ್ತಾರೆ. ಅವನಿಗಾಗಿ ಸಭೆ ಸೇರಲಿಲ್ಲ, ಸಾಕ್ಷ್ಯ ಕೇಳಲಿಲ್ಲ. ಕಪಟಿಯಾದ ನರಿಗೂ ವಿಚಾರಣೆಯ ಹಕ್ಕಿದೆಯೆಂದು ಬರೆದವನಿಗೆ ಅದು ದೊರೆಯಲಿಲ್ಲ.

ಮೌಲವಿ ಸಾಹೇಬರು ಈ ವೃತ್ತಾಂತವನ್ನು ಹೇಳಿ ಮುಗಿಸಿದಾಗ ಕೋಣೆಯಲ್ಲಿ ಕತ್ತಲಾಗಿತ್ತು. ದೀಪ ಹಚ್ಚಲು ಇಬ್ಬರೂ ಏಳಲಿಲ್ಲ. ಕಥೆಯ ಬೀಜ ಭಾರತದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಅಧ್ಯಾಯದಲ್ಲಿ ಮಿಡಿಯುವ ನೋವು ಬಸ್ರಾದ್ದು. ಅದನ್ನು ಯಾವ ಋಣದ ಪುಸ್ತಕದಲ್ಲಿ ಬರೆಯೋಣ?

ಇನ್ನೊಂದು ನಿದರ್ಶನವನ್ನು ಕೊಡುತ್ತೇನೆ. ಇದು ಪುರಾಣ-ಪ್ರವಚನಗಳನ್ನು ಕೇಳಿ ಬೆಳೆದ ತಮಗೆ ಚಿರಪರಿಚಿತವಾದುದು. ಸಂಸಾರದ ಸ್ವರೂಪವನ್ನು ತಿಳಿಸಲು ಪ್ರವಚನಕಾರರು ಬಾವಿಯಲ್ಲಿ ತೂಗುವ ಮನುಷ್ಯನ ದೃಷ್ಟಾಂತವನ್ನು ಹೇಳುವುದುಂಟು. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಇದನ್ನು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ಹೇಳುತ್ತಾನೆ. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬನು ಹಾಳುಬಾವಿಗೆ ಬಿದ್ದು, ಬಳ್ಳಿಗಳಿಗೆ ತೊಡಕಿ, ಹಲಸಿನ ಹಣ್ಣಿನಂತೆ ತೂಗಾಡುತ್ತಾನೆ. ಕೆಳಗೆ ಮಹಾಸರ್ಪ. ಮೇಲೆ ಆರು ಮುಖ, ಹನ್ನೆರಡು ಕಾಲುಗಳ ಆನೆ. ಕಪ್ಪು-ಬಿಳಿ ಇಲಿಗಳು ಮರದ ಬುಡವನ್ನು ಕಡಿಯುತ್ತಿವೆ. ಮೇಲಿನ ಗೂಡಿನಿಂದ ಜೇನು ತೊಟ್ಟಿಕ್ಕುತ್ತಿದೆ. ಅವನು ಎಲ್ಲವನ್ನೂ ಮರೆತು ಅದನ್ನು ಚಪ್ಪರಿಸುತ್ತಿದ್ದಾನೆ. ಆನೆಯೆಂದರೆ ಸಂವತ್ಸರ, ಆರು ಮುಖಗಳು ಋತುಗಳು, ಹನ್ನೆರಡು ಕಾಲುಗಳು ಮಾಸಗಳು. ಇಲಿಗಳು ಹಗಲು-ಇರುಳು. ಸರ್ಪ ಕಾಲ. ಜೈನ ಗ್ರಂಥಗಳಲ್ಲಿ ಇದೇ ಮಧುಬಿಂದು ದೃಷ್ಟಾಂತವೆನಿಸಿದೆ.

'ಕಲೀಲ ವ ದಿಮ್ನ'ದ ಆದಿಯಲ್ಲಿ ವೈದ್ಯ ಬುರ್ಜೋಯನ ಆತ್ಮಕಥನದ ಅಧ್ಯಾಯವೊಂದಿದೆ. ರೋಗವನ್ನು ಗುಣಪಡಿಸಿದರೂ ಅದು ಮರಳಿ ಬರುವುದನ್ನು ಕಂಡು, ಯಾವ ಔಷಧಿ ಶಾಶ್ವತವೆಂದು ಹುಡುಕಿದ ವೈದ್ಯನ ಕಥನವದು. ಅದರ ಕೊನೆಯಲ್ಲಿ ಈ ಬಾವಿಯ ಮನುಷ್ಯನಿದ್ದಾನೆ. ಇಲಿಗಳಿವೆ, ಜೇನಿದೆ, ಕೆಳಗೆ ಬಾಯ್ದೆರೆದ ಘಟಸರ್ಪವಿದೆ. ಆದರೆ ಋತುಮಾಸಗಳ ಆ ವಿಚಿತ್ರ ಆನೆಯಿಲ್ಲ. ಅದರ ಬದಲು ಆ ಮನುಷ್ಯನ ಪಾದಗಳು ನಾಲ್ಕು ಹಾವುಗಳ ಹೆಡೆಗಳ ಮೇಲೆ ನಿಂತಿವೆ. ಆ ನಾಲ್ಕು ಹಾವುಗಳು ದೇಹದಲ್ಲಿರುವ ನಾಲ್ಕು ಧಾತುರಸಗಳು. ಯಾವುದು ಕೆರಳಿದರೂ ಅದೇ ವಿಷ. ವಾಚಕರೇ, ವಿದುರನು ದೃಷ್ಟಾಂತವನ್ನು ಹೇಳಿದ್ದು ಕಾಲದ ಹೊಡೆತಕ್ಕೆ ಸಿಕ್ಕ ಅರಸನಿಗೆ. ಅಲ್ಲಿ ಸಂವತ್ಸರವೇ ಆನೆಯಾಗಿ ಬಂದಿತು. ಇಲ್ಲಿ ಹೇಳುವವನು ವೈದ್ಯ. ಮೃತ್ಯುವನ್ನು ಅವನು ದಿನವೂ ಕಾಣುವುದು ರೋಗಿಯ ದೇಹದೊಳಗೆ.

ಇದೇ ದೃಷ್ಟಾಂತ ಬುದ್ಧನ ಚರಿತ್ರೆಯೊಡನೆ ಕೂಡಿಕೊಂಡು ಅರಬ್ಬಿಯ ಇನ್ನೊಂದು ಗ್ರಂಥದಲ್ಲಿಯೂ ಸೇರಿತು. ಬೋಧಿಸತ್ವನು ಅಲ್ಲಿ 'ಬೂದಾಸಫ್' ಆದನು. ಅರಬ್ಬಿ ಲಿಪಿಯಲ್ಲಿ ಪದದ ಮೊದಲಿಗೆ ಬರುವ ಬಕಾರಕ್ಕೂ ಯಕಾರಕ್ಕೂ ಭೇದ ಒಂದೇ ಚುಕ್ಕೆಯದು. ಒಂದು ಚುಕ್ಕೆ ಹೆಚ್ಚಾಗಿ ಅವನು 'ಯೂದಾಸಫ್' ಎನಿಸಿಕೊಂಡು, ಜಾರ್ಜಿಯನ್, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ದಾಟುವಷ್ಟರಲ್ಲಿ 'ಯೋಸಾಫತ್' ಎಂಬ ಕ್ರೈಸ್ತ ಸಂತನಾಗಿದ್ದನು. ಆ ಸಂತಚರಿತ್ರೆಯೊಡನೆ ಬಾವಿಯ ದೃಷ್ಟಾಂತ ಕ್ರೈಸ್ತ ಜಗತ್ತಿನಲ್ಲೆಲ್ಲ ಹಬ್ಬಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯದ ಟಾಲ್‌ಸ್ಟಾಯ್ ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಇದನ್ನು ಪೂರ್ವದೇಶದ ಹಳೆಯ ಕಥೆಯೆಂದು ಸ್ಮರಿಸಿದನು. ಅವನ ಪಾಲಿಗೆ ಜೇನಿನ ಹನಿಗಳು ಎರಡು: ಸಂಸಾರದ ಪ್ರೀತಿ ಒಂದು, ತನ್ನ ಬರವಣಿಗೆ ಇನ್ನೊಂದು. ಅವೆರಡೂ ತನಗೆ ಸಿಹಿಯಾಗಿ ತೋರುತ್ತಿಲ್ಲವೆಂದು ಅವನು ದುಃಖಿಸಿದನು. ಕುರುಡು ಅರಸ, ಪಾರಸಿಕ ವೈದ್ಯ, ರಷ್ಯದ ಕಾದಂಬರಿಕಾರ, ಮೂವರೂ ಒಂದೇ ಬಾವಿಯೊಳಕ್ಕೆ ಇಣುಕಿದ್ದಾರೆ. ಅಲ್ಲಿ ಕಂಡದ್ದು ಅವರವರ ಮುಖ.

ಇನ್ನು ಕನ್ನಡದ ಕಡೆಗೆ ಬರೋಣ. ದುರ್ಗಸಿಂಹನು ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ; ಅವನ ಪಂಚತಂತ್ರದ ಕಾಲ ಸುಮಾರು 1031. ಅವನು ಅನುಸರಿಸಿದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪರಂಪರೆಯನ್ನು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಅವನ ಐದು ಪ್ರಕರಣಗಳು ಎಲ್ಲರೂ ಬಲ್ಲ ವಿಭಾಗಕ್ಕಿಂತ ಬೇರೆ. ಕನ್ನಡನಾಡಿನ ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು 1920ರ ದಶಕದಲ್ಲಿ ಜರ್ಮನಿಯ ವಿದ್ವತ್ಪತ್ರಿಕೆಯಲ್ಲಿ ದುರ್ಗಸಿಂಹನನ್ನು ಕುರಿತು ಬರೆದು, ಪಂಚತಂತ್ರದ ಸಂಶೋಧನೆಯಲ್ಲಿ ಕನ್ನಡಕ್ಕೂ ಒಂದು ಪೀಠವನ್ನು ಹಾಕಿಸಿಕೊಟ್ಟರು.

ಈಗ ಒಂದು ಕಾಲಸಾಮ್ಯವನ್ನು ನೋಡಿರಿ. ದುರ್ಗಸಿಂಹನು ಚಾಲುಕ್ಯರ ಆಸ್ಥಾನದಲ್ಲಿ ಬರೆಯುತ್ತಿದ್ದ ಹೊತ್ತಿನಲ್ಲಿಯೇ, ದೂರದ ಘಜ್ನಿಯಲ್ಲಿ ಅಲ್-ಬಿರೂನಿ ಭಾರತವನ್ನು ಕುರಿತ ತನ್ನ ಅರಬ್ಬಿ ಮಹಾಗ್ರಂಥವನ್ನು ಮುಗಿಸಿದ್ದನು. ಅದರ ಕಾಲ 1030. ಅದರಲ್ಲಿ ಅವನು ಪಂಚತಂತ್ರದ ಹೆಸರನ್ನೆತ್ತಿ, ನಮ್ಮವರಲ್ಲಿ ಇದೇ 'ಕಲೀಲ ವ ದಿಮ್ನ'ವೆಂದು ಪ್ರಸಿದ್ಧ, ಇದನ್ನು ನಾನೇ ಅನುವಾದಿಸಬೇಕೆಂಬ ಆಸೆಯಿದೆ ಎಂಬರ್ಥದ ಮಾತುಗಳನ್ನಾಡಿದ್ದಾನೆ. ಇಬ್ನ್ ಅಲ್-ಮುಕಫ್ಫಾನ ಪ್ರಾಮಾಣಿಕತೆಯ ಮೇಲೆ ಅವನಿಗೆ ಸಂಶಯ. ಬುರ್ಜೋಯನ ಅಧ್ಯಾಯವನ್ನು ಅವನೇ ಸೇರಿಸಿದನೆಂಬುದು ಅವನ ಆಕ್ಷೇಪ. ಸಂಸ್ಕೃತವನ್ನು ಕಲಿತು, ಮೂಲಕ್ಕೇ ಹೋಗಿ ನೋಡಬೇಕೆಂದು ಹಂಬಲಿಸಿದ ಅರಬ್ಬಿ ಲೇಖಕ ಒಂದು ಕಡೆ. ಇನ್ನೊಂದು ಸಂಸ್ಕೃತ ಶಾಖೆಯನ್ನು ಹಿಡಿದು ಕನ್ನಡಕ್ಕೆ ಹೊಸ ಕೃತಿಯನ್ನು ಕೊಟ್ಟ ಸಂಧಿವಿಗ್ರಹಿ ಇನ್ನೊಂದು ಕಡೆ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿತ್ತೆನ್ನಲು ಆಧಾರವಿಲ್ಲ. ಇಲ್ಲಿ ಋಣದ ಮಾತೇ ಬರುವುದಿಲ್ಲ. ಆದರೂ ಇವರನ್ನು ಒಟ್ಟಿಗೆ ಓದಿದಾಗ ಒಂದು ಕಾಲದ ಬೌದ್ಧಿಕ ಚೈತನ್ಯ ಕಣ್ಣೆದುರು ನಿಲ್ಲುತ್ತದೆ. ದುರ್ಗಸಿಂಹ, ಇಬ್ನ್ ಅಲ್-ಮುಕಫ್ಫಾ ಇಬ್ಬರೂ ಆಸ್ಥಾನದ ಲೇಖನಿ ಹಿಡಿದವರು, ಅರಸರ ಒಲವು-ಮುನಿಸುಗಳನ್ನು ಹತ್ತಿರದಿಂದ ಕಂಡವರು ಎಂಬುದನ್ನೂ ನೆನೆಯಬೇಕು. ಅಂಥವರ ಕೈಯಲ್ಲಿ ನರಿಯ ಕಥೆ ಮಕ್ಕಳ ಕಥೆಯಾಗಿ ಉಳಿಯಲಾರದು.

ಅರಬ್ಬರೂ ಈ ವಿಷಯವನ್ನು ತಾವಾಗಿ ಚಿಂತಿಸಿದ್ದಾರೆ. 9ನೆಯ ಶತಮಾನದಲ್ಲಿ ಬಸ್ರಾದ ಅಲ್-ಜಾಹಿಜ್, ಪ್ರಾಣಿಗಳನ್ನು ಕುರಿತ ತನ್ನ ಬೃಹದ್ಗ್ರಂಥದಲ್ಲಿ, ಭಾರತೀಯರ, ಗ್ರೀಕರ, ಪಾರಸಿಕರ ಜ್ಞಾನ ಜನಾಂಗದಿಂದ ಜನಾಂಗಕ್ಕೆ ಅನುವಾದವಾಗಿ ಹರಿದು ಬಂದಿದೆಯೆಂದೂ, ಕಾವ್ಯ ಮಾತ್ರ ಅನುವಾದವನ್ನು ಸಹಿಸದೆಂದೂ ವಾದಿಸಿದನು. 1904ರಲ್ಲಿ ಲೆಬನಾನಿನ ಸುಲೇಮಾನ್ ಅಲ್-ಬುಸ್ತಾನಿ ಹೋಮರನ ಇಲಿಯಡ್ ಮಹಾಕಾವ್ಯವನ್ನು ಅರಬ್ಬಿ ಪದ್ಯದಲ್ಲಿ ಪ್ರಕಟಿಸಿ, ದೀರ್ಘ ಪೀಠಿಕೆಯಲ್ಲಿ ಗ್ರೀಕ್-ಅರಬ್ಬಿ ಕಾವ್ಯಗಳನ್ನು ಒಟ್ಟಿಗೆ ಪರಾಮರ್ಶಿಸಿದನು. ಪ್ಯಾರಿಸಿನಲ್ಲಿ ವ್ಯಾಸಂಗ ಮಾಡಿ ಬಂದ ಈಜಿಪ್ಟಿನ ಮುಹಮ್ಮದ್ ಗುನೈಮಿ ಹಿಲಾಲ್ 1953ರಲ್ಲಿ ಈ ಶಾಸ್ತ್ರಕ್ಕೆ ಅರಬ್ಬಿಯಲ್ಲಿ ಪಠ್ಯಗ್ರಂಥವನ್ನೇ ರಚಿಸಿದರು. ಅದರ ಹೆಸರು 'ಅಲ್-ಅದಬ್ ಅಲ್-ಮುಕಾರನ್'. ಇಂದಿಗೂ ಕೆಲಸ ಮುಗಿದಿಲ್ಲ. 'ಕಲೀಲ ವ ದಿಮ್ನ'ದ ದೊರೆತಿರುವ ಹಳೆಯ ಅರಬ್ಬಿ ಪ್ರತಿಗಳು 13ನೆಯ ಶತಮಾನದವು, ಒಂದರಂತೆ ಒಂದಿಲ್ಲ. ಅವುಗಳ ಭಿನ್ನಪಾಠಗಳನ್ನು ಹೋಲಿಸಿ ನೋಡುವ ದೊಡ್ಡ ಯೋಜನೆಯೊಂದು ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಆರಂಭವಾಯಿತು.

'ಮುಕಾರನ್' ಎಂಬ ಆ ಪದದ ಅರ್ಥವನ್ನು ನಾನು ಮೌಲವಿ ಸಾಹೇಬರಲ್ಲಿ ಕೇಳಿದ್ದೆ. ನಾವು 'ತೌಲನಿಕ' ಎನ್ನುವಲ್ಲಿ ಅವರು ಬಳಸುವ ಪದವದು. ಅದರ ಧಾತುವಿಗೆ 'ಜೊತೆಗೂಡಿಸು, ಒಟ್ಟಿಗೆ ಕಟ್ಟು' ಎಂಬ ಅರ್ಥವಿದೆಯೆಂದು ಅವರು ವಿವರಿಸಿದರು. ಅದೇ ಧಾತುವಿನಿಂದ ಹುಟ್ಟಿದ 'ಕರೀನ್' ಎಂದರೆ ಸಂಗಾತಿ. "ನೀವು ತೂಗುತ್ತೀರಿ ಮಾಸ್ತರರೇ, ನಾವು ಜೋಡಿ ಕಟ್ಟುತ್ತೇವೆ," ಎಂದು ನಕ್ಕರು. ಅವರು ಇಂದು ನಮ್ಮೊಡನಿಲ್ಲ. ಅವರ ಹಳದಿ ಹಾಳೆಗಳ ಆ ಪ್ರತಿ ಅವರ ಮಕ್ಕಳ ಇಚ್ಛೆಯಂತೆ ನನ್ನ ಕಪಾಟಿನಲ್ಲಿದೆ, ದುರ್ಗಸಿಂಹನ ಮಗ್ಗುಲಲ್ಲಿ. ನನಗೆ ಆ ಲಿಪಿಯಲ್ಲಿ ಓದಲು ಬರುವುದು ಎರಡೇ ಹೆಸರುಗಳು. ಅವು ಯಾವುವೆಂದು ಹೇಳಬೇಕಾಗಿಲ್ಲ.

ಗೋಷ್ಠಿಯಲ್ಲಿ ಪ್ರಶ್ನೆ ಕೇಳಿದ ತರುಣ ಮಿತ್ರರಿಗೆ ನನ್ನ ಉತ್ತರವಿಷ್ಟು. ಕಥೆ ಇಲ್ಲಿಂದ ಹೋದುದು ನಿಜ, ಅದಕ್ಕಾಗಿ ಸಂತೋಷಪಡೋಣ. ಹೋದ ಮೇಲೆ ಅದು ಅಲ್ಲಿಯ ನೀರು ಕುಡಿಯಿತು, ಅಲ್ಲಿಯ ಭಯವನ್ನೂ ನ್ಯಾಯದ ಹಂಬಲವನ್ನೂ ತನ್ನದಾಗಿಸಿಕೊಂಡಿತು. ಅರಬ್ಬಿ ಗದ್ಯಸಾಹಿತ್ಯದ ಆದ್ಯ ಕೃತಿಗಳಲ್ಲೊಂದಾಗಿ ಮುಂದಿನ ಲೇಖಕರಿಗೆ ಮಾದರಿಯಾಯಿತು. ನಮ್ಮಿಂದ ಹೋದದ್ದನ್ನು ಮಾತ್ರ ಹುಡುಕುತ್ತ ಅವರ ಗ್ರಂಥವನ್ನೋದಿದರೆ ದಿಮ್ನನ ವಿಚಾರಣೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಏಕೆಂದರೆ ಅದು ನಮ್ಮಿಂದ ಹೋದದ್ದಲ್ಲ. ನಮ್ಮ ದುರ್ಗಸಿಂಹನಿಗೂ ಇದೇ ನ್ಯಾಯ ಸಲ್ಲುತ್ತದೆ. ವಸುಭಾಗನದೆಂದು ಅವನ ಕನ್ನಡವನ್ನು ಬದಿಗಿಟ್ಟರೆ ನಷ್ಟ ಯಾರಿಗೆ?

ವಾಚಕ ಬಂಧುಗಳೇ, ತಮ್ಮಲ್ಲಿ ಬಿಡುವುಳ್ಳವರು ಒಂದು ಕೆಲಸ ಮಾಡಬಹುದು. ದುರ್ಗಸಿಂಹನ ಭೇದಪ್ರಕರಣವನ್ನು ಹೊಸಗನ್ನಡದ ಗದ್ಯಾನುವಾದದ ನೆರವಿನಿಂದ ಓದಿರಿ. ಅನಂತರ 'ಕಲೀಲ ವ ದಿಮ್ನ'ದ ಮೊದಲ ಅಧ್ಯಾಯಗಳನ್ನು ಇಂಗ್ಲಿಷಿನಲ್ಲಾದರೂ ಓದಿರಿ. ನೆರೆಯಲ್ಲಿ ಅರಬ್ಬಿ ಬಲ್ಲವರಿದ್ದರೆ ಅವರನ್ನು ಮನೆಗೆ ಕರೆದು, ಎದುರಿಗೆ ಕೂರಿಸಿಕೊಂಡು ಓದುವುದು ಮತ್ತೂ ಲೇಸು. ದಮನಕನ ಕಥೆ ಮುಗಿಯಿತೆಂದು ತಾವು ಪುಸ್ತಕ ಮುಚ್ಚುವ ಹೊತ್ತಿಗೆ, ಎದುರಿಗಿರುವವರು ಇನ್ನೂ ಒಂದು ಅಧ್ಯಾಯವಿದೆಯೆಂದು ಹೇಳಿಯಾರು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನಮ್ಮೆಲ್ಲರಿಗೂ ಇರಲಿ.